ಹೆಬ್ಬೆರಳ ಕೆಳಗಿನ ಕಡ್ಡಿ

ಪರದೆಯ ಮೇಲಿನ ವಿಮಾನ ಮತ್ತೆ ನೆಲಕ್ಕೆ ಬಿತ್ತು. ಬಿದ್ದ ಜಾಗದಲ್ಲಿ ಹೊಗೆಯಿಲ್ಲ, ಚೂರುಗಳಿಲ್ಲ, ಯಾರೂ ಕಿರುಚಿಕೊಳ್ಳಲಿಲ್ಲ. ಕೀಲಿಮಣೆಯ ಮೇಲೆ ಒಂದು ಗುಂಡಿ ಒತ್ತಿದರೆ ಸಾಕು, ಅದೇ ವಿಮಾನ ಏನೂ ಆಗದ ಹಾಗೆ ಹಸಿರು ಬಯಲಿನ ಅಂಚಿನಲ್ಲಿ ನಿಂತಿರುತ್ತಿತ್ತು. ಲೋಕೇಶ್ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಏನೂ ಆಗಲಿಲ್ಲವೆಂದು ಅವನ ತಲೆಗೆ ಗೊತ್ತಿತ್ತು. ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

ಪಾಂಡವಪುರದ ಒಂದು ಖಾಸಗಿ ಐಟಿಐನಲ್ಲಿ ಅವನು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ. ಒಂದು ವರ್ಷ ಸಂಜೆಗಳನ್ನೆಲ್ಲ ಕಳೆದು ಥರ್ಮಾಕೋಲಿನ ರೆಕ್ಕೆಯ, ಮೂಗಿನ ಮೇಲೆ ಫ್ಯಾನಿನಂಥ ಪ್ರೊಪೆಲ್ಲರಿರುವ, ಬ್ಯಾಟರಿಯಿಂದ ಹಾರುವ ವಿಮಾನವೊಂದನ್ನು ಕಟ್ಟಿದ್ದ. ಅದನ್ನು ಮೊದಲ ಸಲ ಹಾರಿಸಿದ್ದು ಹೊಣಕೆರೆಯ ಹತ್ತಿರ, ಸೋದರಮಾವನ ಖಾಲಿ ಹೊಲದಲ್ಲಿ. ಮೇಲೇರಿದ ವಿಮಾನ ತನ್ನ ಕಡೆಗೆ ಮೂಗು ತಿರುಗಿಸಿದೊಡನೆ ಅವನಿಗೆ ಎಡ ಯಾವುದು ಬಲ ಯಾವುದು ತಿಳಿಯದೆ ಹೋಯಿತು. ಬದುವಿನ ಮೇಲೆ ನಿಂತಿದ್ದ ಹೆಂಡತಿ ಹೇಮಶ್ರೀಯ ಕಿವಿಯನ್ನು ಸವರಿಕೊಂಡೇ ಅದು ಹೋಗಿ ಹುಲ್ಲಿನ ಮೆದೆಗೆ ನುಗ್ಗಿತು. ಅವಳು ಕಿವಿಯೋಲೆ ಮುಟ್ಟಿ ನೋಡಿಕೊಂಡು ನಕ್ಕಳು. ಲೋಕೇಶ್ ನಗಲಿಲ್ಲ. ಅವತ್ತಿನಿಂದ ಅವನು ಅನ್ನ ಕಲಸುವಾಗಲೂ ತನ್ನ ಹೆಬ್ಬೆರಳನ್ನು ನೋಡುತ್ತಿದ್ದ. ಅದು ಬೇರೆ ಯಾರದೋ ಬೆರಳು, ತನ್ನ ಕೈಗೆ ಬಂದು ಸೇರಿಕೊಂಡಿದೆ ಎನ್ನಿಸುತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಗೆಳೆಯ ಕನಕರಾಜು ಇದಕ್ಕೊಂದು ದಾರಿ ಹೇಳಿದ. ವಿಮಾನ ಹಾರಿಸುವುದನ್ನು ಪರದೆಯ ಮೇಲೆ ಕಲಿಸುವ ಆಟವೊಂದನ್ನು ಫ್ಲಾಪಿಯಲ್ಲಿ ತುಂಬಿ ಕೊಟ್ಟ. "ನಿನ್ ಟ್ರಾನ್ಸ್‌ಮೀಟರಿಂದ ಕಂಪ್ಯೂಟರಿಗೆ ಒಂದು ವೈರು ಎಳ್ಕೊ. ಅದೇ ಕಡ್ಡಿ, ಅದೇ ಕೈ. ಎಷ್ಟು ಸಲ ಬೇಕಾದ್ರೂ ಬೀಳುಸ್ಲಾ, ಯಾರ್ ಕಿವೀನೂ ಹೋಗಕಿಲ್ಲ," ಅಂದಿದ್ದ. ಎರಡು ಎಚ್ಚರಿಕೆಯನ್ನೂ ಕೊಟ್ಟಿದ್ದ. ಟ್ರಾನ್ಸ್‌ಮೀಟರಿನ ಸೆಟ್ಟು, ಅಂದರೆ ಕೈಯಲ್ಲಿ ಹಿಡಿಯುವ ಆ ಎರಡು ಕಡ್ಡಿಗಳ ಡಬ್ಬ, ಆನ್ ಇರುವಾಗ ವೈರನ್ನು ಕೀಳಬಾರದು. ಮತ್ತೆ, ಗಾಳಿಗೆ ಸಂಕೇತ ಕಳಿಸುವ ಪುಟ್ಟ ಕ್ರಿಸ್ಟಲನ್ನು ಮೊದಲೇ ಬಿಚ್ಚಿಡಬೇಕು.

ಲೋಕೇಶ್ ಕ್ರಿಸ್ಟಲ್ ಬಿಚ್ಚಿರಲಿಲ್ಲ. ವಿಮಾನದ ಸ್ವಿಚ್ಚೇ ಆರಿಸಿರುವಾಗ ಸಂಕೇತ ಗಾಳಿಗೆ ಹೋದರೆಷ್ಟು, ಬಿಟ್ಟರೆಷ್ಟು ಅಂದುಕೊಂಡಿದ್ದ.

ಸೆಟ್ಟಿಗೆ ಇನ್ನೊಂದು ಐಬಿತ್ತು. ಕೊಂಡಿದ್ದು ಸೆಕೆಂಡ್ ಹ್ಯಾಂಡು. ಮೊದಲಿನವನು ಅದರಲ್ಲಿ ಆಟದ ದೋಣಿ ಓಡಿಸುತ್ತಿದ್ದನಂತೆ. ಹಾಗಾಗಿ ವೇಗದ ಕಡ್ಡಿ ಇಟ್ಟ ಕಡೆ ನಿಲ್ಲುತ್ತಿರಲಿಲ್ಲ. ಬೆರಳು ತೆಗೆದರೆ ಒಳಗಿನ ಸ್ಪ್ರಿಂಗು ಅದನ್ನು ನಡುವಿಗೆ ಎಳೆಯುತ್ತಿತ್ತು. ನಡುವೆ ಅಂದರೆ ಅರ್ಧ ವೇಗ. ಮೋಟಾರು ನಿಂತಿರಬೇಕಾದರೆ ಎಡ ಹೆಬ್ಬೆರಳಿನಿಂದ ಕಡ್ಡಿಯನ್ನು ಕೆಳಗೆ ಒತ್ತಿಯೇ ಹಿಡಿದಿರಬೇಕು.

ಅವತ್ತು ಆಯುಧಪೂಜೆ. ಹೇಮಶ್ರೀ ಹಬ್ಬಕ್ಕೆಂದು ಕೆ.ಆರ್. ಪೇಟೆಯ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಲೋಕೇಶ್ ಮತ್ತು ಅವನ ತಾಯಿ ಚಿಕ್ಕಬೋರಮ್ಮ. ಬೆಳಿಗ್ಗೆಯೇ ಅವಳು ತೋಟದ ಪಂಪ್‌ಸೆಟ್ಟಿಗೆ ಪೂಜೆ ಮುಗಿಸಿ ಬಂದು, ಕುಡುಗೋಲು, ಮಚ್ಚು, ಸ್ಪ್ಯಾನರುಗಳನ್ನು ತೊಳೆದು ದೇವರ ಮನೆಯಲ್ಲಿ ಸಾಲಾಗಿ ಇಟ್ಟಿದ್ದಳು.

"ನಿನ್ ವಿಮಾನಾನೂ ಕೊಡ್ಲಾ. ಅದೂ ಯಂತ್ರ ಅಲ್ವಾ."

"ತಗೊಳವ್ವ. ಅರಿಸಿನ ಗಿರಿಸಿನ ಕಲಸಿ ಸುರೀಬ್ಯಾಡ, ಥರ್ಮಾಕೋಲು."

"ಸೊಸೆ ಕಿವಿ ಕುಯ್ಯಕ್ಕೆ ಹೋಗಿದ್ದು ಇದೇ ತಾನೆ? ಇದ್ಕೆ ಮೊದ್ಲು ದೃಷ್ಟಿ ತೆಗೀಬೇಕು," ಅಂದು ಅವಳು ವಿಮಾನವನ್ನು ಕೂಸಿನಂತೆ ಎತ್ತಿಕೊಂಡು ಹೋಗಿದ್ದಳು. ಮಧ್ಯಾಹ್ನ ಕನಕರಾಜು ಬಂದರೆ ಹಾರಿಸೋಣವೆಂದು ಲೋಕೇಶ್ ಅದರ ಬ್ಯಾಟರಿ ಚಾರ್ಜು ಮಾಡಿ ಒಳಗೆ ಜೋಡಿಸಿದ್ದ. ಹೊಟ್ಟೆಯ ಬದಿಯ ಸ್ವಿಚ್ಚು ಮಾತ್ರ ಆಫ್ ಆಗಿತ್ತು.

ಪರದೆಯ ಮೇಲೆ ವಿಮಾನ ಬೀಳುತ್ತ ಬೀಳುತ್ತ ಒಂದು ಸಲ ಬೀಳಲಿಲ್ಲ. ಮೂಗನ್ನು ಅವನ ಕಡೆಗೆ ತಿರುಗಿಸಿಕೊಂಡು ಬಂತು. ಲೋಕೇಶ್ ಉಸಿರು ಹಿಡಿದು ಬಲಗಡೆಯ ಕಡ್ಡಿಯನ್ನು ಒಂದಿಷ್ಟೇ ಸರಿಸಿದ. ಅದು ತಲೆಯ ಮೇಲಿಂದ ಹಾದುಹೋಯಿತು. ಎರಡು ತಿಂಗಳಲ್ಲಿ ಮೊದಲ ಸಲ ಅವನು ತನ್ನ ಹೆಬ್ಬೆರಳನ್ನು ನೋಡಿಕೊಳ್ಳಲಿಲ್ಲ. ಅವನು ವೇಗದ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಇಷ್ಟು ಹೊತ್ತು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದ್ದ ಕಂಪ್ಯೂಟರಿನ ಸ್ಪೀಕರು ಈಗ ನಿಜವಾದ ಮೋಟಾರಿನಂತೆ ಮೊರೆಯಿತು. ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದುಕೊಂಡ.

ಆಗ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಅದರಲ್ಲಿ ಅವನ ಮುಖ ಕಂಡಿತು. ಮೊರೆತ ಮಾತ್ರ ನಿಲ್ಲಲಿಲ್ಲ.

ಅವನು ಕಡ್ಡಿಯನ್ನು ಕೊಂಚ ಇಳಿಸಿದ. ಸದ್ದು ಇಳಿಯಿತು. ಏರಿಸಿದ. ಏರಿತು. ಸದ್ದು ಬರುತ್ತಿದ್ದುದು ಹಿಂದಿನಿಂದ, ನಡುಮನೆಯ ಆಚೆ, ದೇವರ ಮನೆಯಿಂದ.

ಕಡ್ಡಿಯನ್ನು ತಳಕ್ಕೆ ಒತ್ತಿ ಹಿಡಿದ. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅವನು ತಾಯಿಯ ದನಿಗಾಗಿ ಕಾದ. ಅದು ಬರುವುದಕ್ಕೆ ತುಂಬ ಹೊತ್ತು ಹಿಡಿಯಿತು.

"ಯಾಕ್ಲಾ ನಿಲ್ಲುಸ್ಬುಟ್ಟೆ?" ಎಂದಳು ಚಿಕ್ಕಬೋರಮ್ಮ ಒಳಗಿನಿಂದ. "ಇನ್ನೊಂಚೂರು ಜೋರು ಕೊಡು. ನಿಂಬೆಹಣ್ಣಿನ ಮ್ಯಾಲೆ ಇನ್ನೂ ಹತ್ತಿಲ್ಲ."

ವಿಮಾನದ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಳೆ. ಟ್ರಾಕ್ಟರಿಗೆ, ಸ್ಕೂಟರಿಗೆ ಇಡುವ ಹಾಗೆ. ಹಣ್ಣನ್ನು ಅರೆದುಕೊಂಡು ಮುಂದಕ್ಕೆ ಬರಲೆಂದು ಕಾಯುತ್ತಿದ್ದಾಳೆ.

"ಅವ್ವ, ಸ್ವಿಚ್ಚು ಯಾರು ಹಾಕಿದ್ದು?" ಅವನು ದನಿಯನ್ನು ಮೆಲ್ಲಗಿಟ್ಟುಕೊಂಡ. ಕೂಗಿದರೆ ಬೆರಳು ಅದುರುತ್ತಿತ್ತು.

"ನಾನೇಯ. ಹೂವು ಮುಡಿಸ್ದ ಯಂತ್ರಾನ ತಣ್ಣಗೆ ಮಡುಗ್ತಾರಾ? ಪಂಪ್‌ಸೆಟ್ಟೂ ಓಡ್ಸೇ ಬಂದಿದ್ದು. ನೀನು ಅಲ್ಲಿಂದ ಓಡುಸ್ತಾ ಇದ್ದೀಯಲ್ಲ, ನಿಂಗೂ ಗೊತ್ತಿರ್ತದೆ ಅಂದ್ಕಂಡೆ."

"ನೀನೆಲ್ಲಿ ಕೂತಿದ್ದೀಯೆ?"

"ಅದ್ರ ಮುಂದೆ. ಹಿಂದೆ ಕೂತು ಆರತಿ ಎತ್ತಕ್ಕಾಯ್ತದಾ?"

"ಹಂಗಾರೆ ಆ ಸ್ವಿಚ್ಚು ಆರಿಸ್ಬುಡು. ಹೊಟ್ಟೆ ಪಕ್ಕದ್ದು."

"ಆರತಿ ಆಗೋಗಂಟ ಆರುಸ್ಬಾರ್ದು ಕಣ್ಲಾ. ತಡಿ, ಹೂವಿನ ಸರ ಫ್ಯಾನಿಗೆ ಸುತ್ಕೊಂಡದೆ. ಬುಡುಸ್ತೀನಿ."

ಪೂಜೆಯ ನಡುವೆ ಬೇಡವೆಂದರೆ ಅವಳು ಕೇಳುವವಳಲ್ಲ. ಅವಳ ಬೆರಳುಗಳು ಈಗ ಎಲ್ಲಿವೆಯೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹೆಬ್ಬೆರಳ ಕೆಳಗೆ ಸ್ಪ್ರಿಂಗು ಸಣ್ಣಗೆ, ಸಮಾಧಾನವಾಗಿ, ಒಂದೇ ಸಮನೆ ಮೇಲಕ್ಕೆ ಒತ್ತುತ್ತಿತ್ತು. ಅದಕ್ಕೆ ಆಯಾಸವಿಲ್ಲ. ಬೆರಳು ಬೆವೆತು ಜಾರುತ್ತಿತ್ತು. ಅದರ ಮೇಲೆ ಬಲ ಹೆಬ್ಬೆರಳನ್ನೂ ಇಟ್ಟ. ಸೆಟ್ಟನ್ನೇ ಆಫ್ ಮಾಡಬಹುದಿತ್ತು. ಆದರೆ ಸೆಟ್ಟಿನ ಸಂಕೇತವೇ ಇಲ್ಲದಾಗ ವಿಮಾನ ಏನು ಮಾಡುತ್ತದೆಂದು ಅವನು ಒಮ್ಮೆ ನೋಡಿದ್ದ: ಪ್ರೊಪೆಲ್ಲರು ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ವೈರು ಕಿತ್ತು ಒಳಗೆ ಓಡೋಣವೆಂದರೆ ಕನಕರಾಜು ಬೇಡವೆಂದಿದ್ದ. ಕಿತ್ತ ಆ ಗಳಿಗೆಯಲ್ಲಿ ಸೆಟ್ಟು ಏನು ಹೇಳುತ್ತದೋ ಯಾರಿಗೆ ಗೊತ್ತು? ಸೆಟ್ಟಿನ ಗಾಜಿನ ಹಿಂದಿನ ಬ್ಯಾಟರಿ ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು. ವಿಮಾನದ್ದನ್ನು ಚಾರ್ಜು ಮಾಡಿದವನು ಇದನ್ನು ಮರೆತಿದ್ದ.

ಭಯವೆಂದರೆ ಇದು ಮುರಿದರೆ, ಅದು ಬಿದ್ದರೆ ಎಂದುಕೊಳ್ಳುವುದು ಅಂತ ಇಷ್ಟು ದಿನ ತಿಳಿದಿದ್ದ. ಅಲ್ಲ. ಭಯವೆಂದರೆ ಗೋಡೆಯಾಚೆ ತಾಯಿಯ ಕೈ, ಗೋಡೆಯೀಚೆ ತನ್ನ ಬೆರಳು, ಎರಡೂ ಒಂದೇ ಆಗಿಬಿಟ್ಟಿರುವುದು.

"ಅವ್ವ," ಅಂದ. "ವಿಮಾನಕ್ಕೊಂದಕ್ಕೇ ಪೂಜೆ ಮಾಡ್ಬುಟ್ಟೆ. ಅದ್ನ ಓಡ್ಸೋ ಡಬ್ಬ ಇಲ್ಲೇ ಕೂತದೆ. ಇದ್ಕೆ ಕುಂಕುಮ ಬ್ಯಾಡ್ವಾ?"

ಹೂವಿನ ದಾರ ಫಟ್ಟನೆ ಹರಿದ ಸದ್ದು.

"ಅದೂ ಸರಿಯೇ ಅನ್ನು," ಎಂದಳು. "ಅರ್ಧಂಬರ್ಧ ಪೂಜೆ ಆಗ್ಬಾರ್ದು."

ಮಂಡಿ ಲಟಕ್ಕೆಂದಿತು. ಬಳೆಗಳ ಸದ್ದು ಎದ್ದು ನಿಂತಿತು, ನಡುಮನೆ ದಾಟಿತು. ಚಿಕ್ಕಬೋರಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಲೋಕೇಶ್ ಅವಳ ಬೆರಳುಗಳನ್ನು ನೋಡಿದ. ಎಲ್ಲವೂ ಇದ್ದವು.

"ಯಾಕ್ಲಾ ಇಂಗೆ ಬೆವೆತಿದ್ದೀಯೆ?"

"ಬಟ್ಲು ಕೆಳಗಿಡವ್ವ. ಇಲ್ಲಿ ಬೆರಳಿಡು, ನನ್ ಬೆರಳ ಮ್ಯಾಲೆ. ಒತ್ತು. ಇನ್ನೂ ಒತ್ತು. ನಾನು ಹೇಳೋಗಂಟ ಬುಡಬ್ಯಾಡ."

ಅವನ ಮುಖ ನೋಡಿ ಅವಳು ಎರಡೂ ಹೆಬ್ಬೆರಳಿಟ್ಟು ಒತ್ತಿದಳು. ಅವಳ ಹೆಬ್ಬೆರಳಿನ ಕೆಳಗಿಂದ ತನ್ನದನ್ನು ಅವನು ನಿಧಾನವಾಗಿ ಎಳೆದುಕೊಂಡ. ಒಳಗಿಂದ ಸದ್ದು ಬರಲಿಲ್ಲ. ಓಡಿದ.

ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಮಣೆಯ ಸುತ್ತ, ಕುಡುಗೋಲಿನ ಮೇಲೆ, ದೇವರ ಪಟದ ಗಾಜಿನ ಮೇಲೆಲ್ಲ ಸೇವಂತಿಗೆಯ ಎಸಳು ಸಾರಿಗೆ ಹೆಚ್ಚಿದ ಕೊತ್ತಂಬರಿಯಂತೆ ಎರಚಿಕೊಂಡಿತ್ತು. ಅವಳು ಕೂತಿದ್ದ ಚಾಪೆ ಪ್ರೊಪೆಲ್ಲರಿಗೆ ಅಂಟಿಕೊಂಡೇ ಇತ್ತು. ಅವನು ಹಿಂದಿನಿಂದ ಕೈಚಾಚಿ ಸ್ವಿಚ್ಚನ್ನು ಸರಿಸಿದ, ಬ್ಯಾಟರಿಯ ತಂತಿಯನ್ನೂ ಕಿತ್ತ.

ವಾಪಸು ಬಂದಾಗ ಚಿಕ್ಕಬೋರಮ್ಮ ಅದೇ ಭಂಗಿಯಲ್ಲಿ ನಿಂತಿದ್ದಳು. ಎರಡೂ ಹೆಬ್ಬೆರಳು ಕಡ್ಡಿಯ ಮೇಲಿದ್ದವು. ಉಗುರುಗಳು ಬೆಳ್ಳಗಾಗಿದ್ದವು.

"ಆಯ್ತು ಕಣವ್ವ. ಬುಡು."

ಅವಳು ಬಿಡಲಿಲ್ಲ.

"ಇದು ಬುಟ್ರೆ ಅದು ತಿರುಗ್ತಿತ್ತಾ?"

"ಊಂ."

"ನಾನು ಹೂವು ಬುಡುಸ್ತಾ ಇದ್ನಲ್ಲ, ಆಗ್ಲೂ?"

"ಆಗ್ಲೂ."

ಅವಳು ಕಡ್ಡಿಯನ್ನೇ ನೋಡುತ್ತಿದ್ದಳು. "ಇಲ್ಲಿ ಕೂತ್ಕಂಡು ಒಳಗಿರೋದ್ನ ತಿರುಗುಸ್ತೀಯೆ. ಕಂಡೋರ ಮನೇದೂ ತಿರುಗ್ತದೇನ್ಲಾ?"

ಇಲ್ಲವೆಂದು ಹೇಳಲು ಬಾಯಿ ತೆರೆದ. ಊರಲ್ಲಿ ಇಂಥದ್ದು ಇನ್ನೊಂದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಸ್ವಿಚ್ಚು ಆಫ್ ಆಗಿದೆಯೆಂದೂ ಹೀಗೇ ಗೊತ್ತಿತ್ತು.

"ಬೆರಳು ತೆಗಿಯವ್ವ."

"ನನ್ ಕೈಲಾಗಕಿಲ್ಲ. ನೀನೇ ಬುಡುಸು."

ಅವನು ಅವಳ ಹೆಬ್ಬೆರಳುಗಳನ್ನು ಒಂದೊಂದಾಗಿ ಎತ್ತಿದ. ಕಡ್ಡಿ ಟಕ್ಕೆಂದು ನಡುವಿಗೆ ಹಾರಿ ನಿಂತಿತು. ಕರೆಂಟು ಬಂತು, ಕಂಪ್ಯೂಟರು ಬೀಪ್ ಎಂದಿತು. ತಾಯಿ ಮಗ ಇಬ್ಬರೂ ಅದರ ಕಡೆ ತಿರುಗಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ದೇವರ ಮನೆಯ ಕಡೆಗೆ ಕಿವಿಗೊಟ್ಟು ನಿಂತೇ ಇದ್ದರು.