ಮೂವತ್ತೊಂದು ಚಿತ್ರಗಳು

ಪ್ರೊಫೆಸರ್ ರಾಜೇಂದ್ರ ಅವರಿಗೆ ಭೌತಶಾಸ್ತ್ರಕ್ಕಿಂತ ಶಾಲು-ಹಾರಗಳ ಬಗ್ಗೆಯೇ ಹೆಚ್ಚು ಗೊತ್ತು ಎಂಬುದು ಪ್ರತಿಮಾಗೆ ಅರಿವಾಗಲು ಮೂರು ವರ್ಷ ಹಿಡಿಯಿತು. ಸಾಗರದ ಕಾಲೇಜೊಂದರಲ್ಲಿ ಅವಳು ಉಪನ್ಯಾಸಕಿ. ಅವರು ವಿಭಾಗದ ಮುಖ್ಯಸ್ಥರು, ಅವಳ ಪಿಎಚ್.ಡಿ.ಗೆ ಮಾರ್ಗದರ್ಶಕರು. ಪಾಠ ಮಾಡುವುದನ್ನು ಅವರು ಯಾವತ್ತೋ ಬಿಟ್ಟಿದ್ದರು. ಯಾರಾದರೊಬ್ಬ ವಿದ್ಯಾರ್ಥಿಯ ಕೈಗೆ ಹಳೆಯ ನೋಟ್ಸ್ ಕೊಟ್ಟು ಬೋರ್ಡಿನ ಮೇಲೆ ಬರೆಸಿ, ತಾವು ಕುರ್ಚಿಯಲ್ಲಿ ಕೂತು ತಮ್ಮ ಸನ್ಮಾನದ ಫೋಟೊಗಳನ್ನು ಊರಿಗೆಲ್ಲ ಕಳಿಸುತ್ತಿದ್ದರು.

ಪ್ರತಿಮಾಳ ಸಂಶೋಧನೆ ಎದೆಯ ಎಕ್ಸ್-ರೇ ಕುರಿತದ್ದು. ವಿಕಿರಣ ಕಡಿಮೆ ಮಾಡಿದರೆ ರೋಗಿಗೆ ಒಳ್ಳೆಯದು, ಆದರೆ ಚಿತ್ರ ಮರಳು ಎರಚಿದ ಹಾಗೆ ಬರುತ್ತದೆ. ಆ ಮರಳನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕುವ ವಿಧಾನವೊಂದನ್ನು ಅವಳು ರೂಪಿಸಿದ್ದಳು. ಹೊಸನಗರದ ಸಣ್ಣ ಎಕ್ಸ್-ರೇ ಕೇಂದ್ರವೊಂದರಿಂದ, ರೋಗಿಗಳ ಒಪ್ಪಿಗೆ ಪಡೆದು, ನಾನೂರು ಚಿತ್ರ ತಂದು ಪರೀಕ್ಷಿಸಿದಳು. ಎಲ್ಲವೂ ಕನ್ನಡಿಯಂತೆ ತಿಳಿಯಾದವು. ರಾಜೇಂದ್ರ ಹಿಗ್ಗಿದರು.

ಅವನ್ನು ಕೇಂದ್ರಕ್ಕೆ ಒಯ್ದು ತೋರಿಸಿದಾಗ, ಇಪ್ಪತ್ತು ವರ್ಷದಿಂದ ಅಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ ಭೂತಪ್ಪ ಒಂದನ್ನು ಬಹಳ ಹೊತ್ತು ನೋಡಿದ.

“ಇದು ನಿಟ್ಟೂರಿನ ಶೇಷಮ್ಮಂದಲ್ವಾ ಮೇಡಂ? ಬಲಗಡೆ ಮೇಲೆ ಒಂದು ಚುಕ್ಕೆ ಇತ್ತು. ಅದನ್ನ ನೋಡೇ ಡಾಕ್ಟ್ರು ಟಿಬಿ ಅಂತ ಹಿಡ್ದಿದ್ದು. ನಿಮ್ಮದ್ರಲ್ಲಿ ಅದು ಎಲ್ಲಿಗ್ ಹೋಯ್ತು?”

ಮನೆಗೆ ಬಂದು ಅವಳು ಒಂದೊಂದನ್ನೂ ಮೂಲದೊಂದಿಗೆ ಹೋಲಿಸಿದಳು. ಮೂವತ್ತೊಂದು ಚಿತ್ರಗಳಲ್ಲಿ ಮರಳಿನ ಜೊತೆ ಕಾಯಿಲೆಯೂ ಮಾಯವಾಗಿತ್ತು.

ಮರುದಿನ ರಾಜೇಂದ್ರ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಆ ಮೂವತ್ತೊಂದನ್ನ ತೆಗೆದುಬಿಡಿ. ಕಾಯಿಲೆ ನೋಡೋಕೆ ಡಾಕ್ಟರಿದ್ದಾರೆ. ನಮ್ಮ ಕೆಲಸ ಪೇಪರ್ ಬರೆಯೋದು” ಎಂದರು.

ಪ್ರತಿಮಾ ಆಗಲಿ ಎಂದು ತಲೆಯಾಡಿಸಿದಳು. ಪ್ರಬಂಧ ಪ್ರಕಟವಾಯಿತು, ಮೊದಲ ಹೆಸರು ಅವರದು. ಆಮೇಲೆ ಅವರನ್ನು ಕಂಡಾಗಲೆಲ್ಲ ಅವಳಿಗೆ ಹೇಸಿಗೆಯಾಗುತ್ತಿತ್ತು. ತಲೆಯಾಡಿಸಿದ ತನ್ನ ಬಗ್ಗೆ ಅದಕ್ಕಿಂತ ಹೆಚ್ಚು.

ತೀರ್ಥಹಳ್ಳಿಯಲ್ಲಿ ಅವರಿಗೆ ಸನ್ಮಾನ ಏರ್ಪಟ್ಟಿತು. ಅಭಿನಂದನೆಯ ಮಾತು ಶಿಷ್ಯೆಯದು. ಪೇಟ ತೊಟ್ಟ ರಾಜೇಂದ್ರ, ವಿಜ್ಞಾನಕ್ಕಾಗಿ ತಾವು ನಿದ್ದೆಗೆಟ್ಟಿದ್ದನ್ನು ಅರ್ಧ ಗಂಟೆ ಬಣ್ಣಿಸಿ, ಮುಂದಿನ ತಿಂಗಳಿನಿಂದ ಹೊಸನಗರದ ಕೇಂದ್ರ ಪ್ರತಿ ರೋಗಿಗೂ ತಮ್ಮ ವಿಧಾನವನ್ನೇ ಬಳಸಲಿದೆ ಎಂದು ಸಾರಿದರು. ಪ್ರತಿಮಾಗೆ ಇದು ಗೊತ್ತೇ ಇರಲಿಲ್ಲ. ಬರೆದು ತಂದ ಹೊಗಳಿಕೆಯನ್ನು ಮಡಚಿಟ್ಟು ಅವಳು ಮೈಕಿನ ಮುಂದೆ ನಿಂತಳು.

“ಸರ್ ಒಂದು ವಿಷಯ ಬಿಟ್ಟರು. ಈ ವಿಧಾನ ಮೂವತ್ತೊಂದು ಜನರ ಕಾಯಿಲೆಯನ್ನ ಕಾಣದ ಹಾಗೆ ಮಾಡಿದೆ. ಆ ಚಿತ್ರಗಳನ್ನ ಮುಚ್ಚಿಡಿ ಅಂದವರು ಇವರು. ಮುಚ್ಚಿಟ್ಟವಳು ನಾನು. ದಯವಿಟ್ಟು ಇದನ್ನ ಯಾರೂ ಬಳಸಬೇಡಿ.”

ಹಿಂದಿನ ಸಾಲಿನವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ರಾಜೇಂದ್ರ ಶಾಲು ಸರಿಪಡಿಸಿಕೊಂಡು, ಹುಡುಗಿಗೆ ಕೆಲಸದ ಒತ್ತಡ ಜಾಸ್ತಿಯಾಗಿದೆ ಎಂದು ನಕ್ಕರು. ಫೋಟೊ ತೆಗೆಯುವುದು ಮುಂದುವರಿಯಿತು.

ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಗೆ ಅವಳು ಎಲ್ಲವನ್ನೂ ಬರೆದು ಕಳಿಸಿದಳು. ಏಳು ತಿಂಗಳ ನಂತರ ಪತ್ರಿಕೆಯವರು ಅದನ್ನು ಹಿಂತೆಗೆದುಕೊಂಡರು. ಕೇಂದ್ರವೂ ಆ ವಿಧಾನದ ತಂಟೆಗೆ ಹೋಗಲಿಲ್ಲ. ರಾಜೇಂದ್ರರಿಗೆ ಏನೂ ಆಗಲಿಲ್ಲ. ಇಂಥವರಿಗೆ ಆಗುವುದೂ ಇಲ್ಲ. ನಿವೃತ್ತರಾಗಿ ಸಂಶೋಧನಾ ನೈತಿಕತೆಯ ಸಮಿತಿಯೊಂದರ ಅಧ್ಯಕ್ಷರಾದರು. ಪ್ರತಿಮಾ ಬೇರೆ ಮಾರ್ಗದರ್ಶಕರ ಬಳಿ ಮೊದಲಿನಿಂದ ಶುರುಮಾಡಿದಳು. ಈ ಸಲ ವಿಷಯವೇ ಬೇರೆ: ಚಿತ್ರ ತಿಳಿಗೊಳಿಸುವಾಗ ಏನೇನು ಕಳೆದುಹೋಗುತ್ತದೆ ಎಂಬುದು. ಪ್ರತಿ ಚಿತ್ರವನ್ನೂ ಮೊದಲು ಭೂತಪ್ಪನ ಮುಂದಿಡುತ್ತಿದ್ದಳು.

ನಲವತ್ತನಾಲ್ಕನೇ ವಯಸ್ಸಿಗೆ ಪದವಿ ಬಂತು. ಅಂದು ಬೆಳಿಗ್ಗೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ರಾಜೇಂದ್ರರ ಸಂದೇಶವಿತ್ತು: ‘ನನ್ನ ಶಿಷ್ಯೆಯ ಸಾಧನೆ ನನಗೆ ಹೆಮ್ಮೆ.’ ಪ್ರತಿಮಾ ಫೋನ್ ಬದಿಗಿಟ್ಟಳು. ಎರಡನೇ ಪೀರಿಯಡ್‌ಗೆ ಪಾಠವಿತ್ತು, ಹೋದಳು.