ಕೆಂಪು ಚುಕ್ಕಿ ಯಾವ ಕಡೆ

ದಿನವಿಡೀ ಜನ ನನ್ನ ಮುಂದೆ ಕೂತು ಸುಳ್ಳು ಹೇಳುತ್ತಾರೆ. ನನ್ನ ಕೆಲಸವೇ ಅಂಥದ್ದು. ಕನ್ನಡಕದ ಅಂಗಡಿಯ ಹಿಂದಿರುವ ಪುಟ್ಟ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಎರಡು ಮಂಚ ಹಾಕಿದರೆ ಮುಗಿದುಹೋಗುವ ಜಾಗ. ಅಲ್ಲಿ ದೂರ ಎಂಬುದೇ ಇಲ್ಲವಾದ್ದರಿಂದ ಅಕ್ಷರದ ಬೋರ್ಡನ್ನು ಕೂತವರ ತಲೆಯ ಹಿಂದೆ ತೂಗುಹಾಕಿ, ಎದುರಿನ ಗೋಡೆಯ ಕನ್ನಡಿಯಲ್ಲಿ ಓದಿಸುತ್ತೇನೆ. ಲೈಸೆನ್ಸಿಗೆ ಬರುವ ಡ್ರೈವರುಗಳು ಕಾಣದಿದ್ದರೂ ಕಾಣುತ್ತದೆ ಎನ್ನುತ್ತಾರೆ. ಗೆಳತಿಯ ಹಾಗೆ ಕನ್ನಡಕ ಬೇಕೆಂದು ಆಸೆಪಟ್ಟ ಶಾಲೆಯ ಹುಡುಗಿಯರು ಕಂಡರೂ ಕಾಣುವುದಿಲ್ಲ ಎನ್ನುತ್ತಾರೆ. ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬಂದವರನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಓದಿಸಿ ಹಿಡಿಯುತ್ತೇನೆ. ಇಷ್ಟು ವರ್ಷ ಇದನ್ನೇ ಮಾಡಿದವಳಿಗೆ ಅನುಮಾನ ಬಿಟ್ಟು ಇನ್ನೇನು ಬಂದೀತು ಹೇಳಿ.

ನನ್ನ ಯಜಮಾನರು ಮಾತ್ರ, ನಿನಗೆ ಮೊಸರಲ್ಲೂ ಕಲ್ಲೇ ಕಾಣುತ್ತದೆ ಎಂದು ಆಡಿಕೊಳ್ಳುತ್ತಾರೆ. ಕಲ್ಲು ಕಾಣದೆ ಹಲ್ಲು ಮುರಿದುಕೊಂಡವರು ನನ್ನ ಬಳಿ ಬಂದು ಅಳುವುದಿಲ್ಲ, ದಂತವೈದ್ಯರ ಬಳಿ ಹೋಗುತ್ತಾರೆ ಎಂದು ನಾನು ಬಾಯಿ ಮುಚ್ಚಿಸುತ್ತೇನೆ.

ಈ ಅನುಮಾನದ ಗುಣದಿಂದಲೇ ನಮ್ಮ ಆನ್‌ಲೈನ್ ಬಳಗದವರು ನನ್ನನ್ನು ಬಾಗಿಲಿಗೆ ಕೂರಿಸಿದ್ದು. ಅದು ಆಕಾಶ ನೋಡುವ ಹುಚ್ಚಿದ್ದವರ ಬಳಗ. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಕಟ್ಟಿದ್ದು. ಹೊಸದಾಗಿ ಬಂದವರು ಮೊದಲು 'ಜಗಲಿ' ಎಂಬ ಪುಟದಲ್ಲಿ ತಮ್ಮ ಪರಿಚಯ ಹೇಳಿಕೊಳ್ಳಬೇಕು. ಅವರನ್ನು ಒಳಗೆ ಬಿಡುವವಳು, ಹೊರಗೆ ದಬ್ಬುವವಳು ನಾನು. ಎಲ್ಲರ ಬಾಯಲ್ಲೂ ನಾನು ಬಾಗಿಲಕ್ಕ.

ಜಗಲಿಗೆ ಎಂತೆಂಥವರು ಬರುತ್ತಾರೆ ಅಂತೀರಿ! ಒಬ್ಬ ಬಂದವನೇ ತನ್ನ ಮದುವೆ ಯಾವಾಗ ಎಂದು ಕೇಳಿದ. ಇನ್ನೊಬ್ಬ ಬರಿಗಣ್ಣಲ್ಲಿ ಶನಿಯ ಉಂಗುರ ಕಂಡೆನೆಂದ. ನನ್ನ ಅಂಗಡಿಗೆ ಬಾರಪ್ಪ, ಅಂಥ ಕಣ್ಣನ್ನು ನಾನೂ ಒಮ್ಮೆ ನೋಡುತ್ತೇನೆ ಎಂದು ಬರೆದೆ. ಆದರೆ ನಿಜವಾದ ಪೆಟ್ಟು ಕೊಟ್ಟವನು ಬಲು ನಯವಂತ. ದಿನಕ್ಕೊಂದು ಫೋಟೋ ಹಾಕುತ್ತಿದ್ದ, ನೋಡಿದರೆ ಕಣ್ಣು ತುಂಬಬೇಕು. ಮೇಷ್ಟ್ರು ಅವನನ್ನು ಹೊತ್ತು ಮೆರೆಸಿದರು. ಸ್ಪರ್ಧೆಗೆ ತೀರ್ಪುಗಾರನನ್ನಾಗಿಯೂ ಮಾಡಿದರು. ಕೊನೆಗೆ ನೋಡಿದರೆ ಅಷ್ಟೂ ಬೇರೆಯವರ ಫೋಟೋ. ಹುಡುಕಿದರೆ ಸಿಗಬಾರದೆಂದು ಒಂದೊಂದನ್ನೂ ಎಡಬಲ ತಿರುಗಿಸಿ ಹಾಕಿದ್ದ. ಮೇಷ್ಟ್ರು ಆಮೇಲೆ ಬಹಳ ದಿನ ಬಳಗದಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಆ ಹಿರಿಯ ಜೀವಕ್ಕೆ ಆದ ನೋವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಂದಿನಿಂದ ಒಂದು ಕಟ್ಟಳೆ ಮಾಡಿದೆ. ಹೊಸಬರು ತಾವು ಯಾರು, ಯಾವುದರಲ್ಲಿ ನೋಡುತ್ತಾರೆ, ಮೊದಲು ನೋಡಿದ್ದೇನು ಎಂದು ಹೇಳಬೇಕು. ಜೊತೆಗೆ ಕಣ್ಣಾರೆ ಕಂಡದ್ದನ್ನು ಸ್ವಂತ ಕೈಯಿಂದ ಬಿಡಿಸಿ ಹಾಕಬೇಕು. ಚಿತ್ರ ವಕ್ರವಾಗಿದ್ದರೂ ಸೈ, ಕದ್ದದ್ದಾಗಿರಬಾರದು.

ಹೀಗಿರುವಾಗ 'ಪೂರ್ವದ ಕಿಟಕಿ' ಎಂಬ ಹೆಸರಿಟ್ಟುಕೊಂಡ ಒಬ್ಬ ಮಹಿಳೆ ಜಗಲಿಗೆ ಬಂದರು. ತಾನು ಹಿಂದೆ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದೆ, ಈಗ ಮನೆಯಲ್ಲೇ ಇರುತ್ತೇನೆ ಎಂದು ಬರೆದಿದ್ದರು. ನೋಡುವುದು ಬರಿಗಣ್ಣಿನಿಂದ. ಮೊದಲು ಗುರುತು ಹಿಡಿದದ್ದು ಮಹಾವ್ಯಾಧ ಎಂಬ ಬೇಟೆಗಾರನ ನಕ್ಷತ್ರಪುಂಜವನ್ನು, ಅವನ ನಡುವಿನಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳಿಂದ; ನನ್ನ ಶಾಲೆಯ ಮಕ್ಕಳು ಒಂದು ದಿನವೂ ಅಷ್ಟು ನೆಟ್ಟಗೆ ಸಾಲು ನಿಲ್ಲಲಿಲ್ಲ ಎಂದಿದ್ದರು. ಅಲ್ಲಿಯವರೆಗೆ ನನಗೂ ನಗು ಬಂತು. ಆಮೇಲಿನ ಮಾತಿಗೆ ನಗು ಇಳಿಯಿತು. ಅವರು ಇರುವ ಕೋಣೆಯನ್ನು ಅವರ ಒಡಹುಟ್ಟಿದ ತಮ್ಮನು ಅಂಗಡಿ ಮಾಡಬೇಕೆಂದಿದ್ದಾನಂತೆ. ಅಲ್ಲಿಂದ ನಕ್ಷತ್ರ ಕಾಣುತ್ತದೆ ಎಂದರೆ ಅವನು ನಂಬುವುದಿಲ್ಲವಂತೆ. ಬಲ್ಲವರು ಯಾರಾದರೂ ಹೌದು ಎಂದರೆ ಕೋಣೆ ನಿನಗೇ ಇರಲಿ ಎಂದಿದ್ದಾನಂತೆ. 'ಆದ್ದರಿಂದ ನಾನು ಬಿಡಿಸಿರುವುದು ನಿಜವಾದ ಆಕಾಶ ಎಂದು ಒಂದು ಮಾತು ಬರೆದುಕೊಡಿ. ನನ್ನ ಕಿಟಕಿ ನನಗೆ ಉಳಿಯುತ್ತದೆ.'

ಆ ಫೋಟೋ ಕಳ್ಳನೂ ಮೊದಲು ಕೇಳಿದ್ದು ಹೊಗಳಿಕೆಯ ಪತ್ರವನ್ನೇ. ನಾನು ಚಿತ್ರ ತೆರೆದೆ.

ಪೂರ್ವದಲ್ಲಿ ಹುಟ್ಟುವಾಗ ವ್ಯಾಧ ಅಡ್ಡ ಮಲಗಿರುತ್ತಾನೆ. ಭುಜದ ಕೆಂಪು ಆರ್ದ್ರಾ ನಕ್ಷತ್ರ ನಮ್ಮ ಎಡಕ್ಕೆ, ಪಾದದ ಬಿಳಿ ನಕ್ಷತ್ರ ನಮ್ಮ ಬಲಕ್ಕೆ. ಈ ಚಿತ್ರದಲ್ಲಿ ಕೆಂಪು ಚುಕ್ಕಿ ಬಲಗಡೆ ಇತ್ತು. ಅದೊಂದೇ ಅಲ್ಲ, ಇಡೀ ಆಕಾಶವೇ ಎಡಬಲವಾಗಿತ್ತು. ಸುತ್ತ ಒಂದು ಉದ್ದನೆಯ ಚೌಕಟ್ಟು, ಅದರ ಬಲ ಅಂಚಿನಲ್ಲಿ ಒಂದು ಗುಂಡು ಗುರುತು. ಯಾರದೋ ಫೋಟೋದ ಮುದ್ರೆಯನ್ನೂ ಸೇರಿಸಿ ನಕಲು ಹೊಡೆದಿದ್ದಾಳೆ ಎಂದುಕೊಂಡೆ.

ಆದರೂ ಒಂದು ಅವಕಾಶ ಕೊಟ್ಟೆ. ಎಡಬಲ ಅದಲುಬದಲಾಗಿದೆಯಲ್ಲ ಎಂದು ಕೇಳಿದೆ. ನನಗೆ ಕಾಣುವುದು ಹೀಗೇ ಎಂಬ ಉತ್ತರ ಬಂತು. ದುರ್ಬೀನು ಇಟ್ಟುಕೊಂಡಿದ್ದೀರಾ, ಕೆಲವು ದುರ್ಬೀನುಗಳು ಹೀಗೆ ತಿರುಗಿಸಿ ತೋರಿಸುತ್ತವೆ ಎಂದೆ. ಇಲ್ಲ, ಬರಿಗಣ್ಣೇ ಎಂದರು. ಹಾಗಾದರೆ ಹೊರಗೆ ಹೋಗಿ ಕಣ್ಣಾರೆ ನೋಡಿ ಬಂದು ಹೇಳಿ ಎಂದೆ. ಹೊರಗೆ ಹೋಗಲು ಆಗುವುದಿಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಮೇಷ್ಟ್ರು ನನಗೆ ಫೋನು ಮಾಡಿ, ಪಾಪ ಹೊಸಬರು, ತಪ್ಪಿರಬಹುದು, ಸ್ವಲ್ಪ ತಾಳು ಎಂದರು. ತಪ್ಪಾದರೆ ಒಂದೆರಡು ಚುಕ್ಕಿ ತಪ್ಪುತ್ತವೆ ಮೇಷ್ಟ್ರೇ, ಇಲ್ಲಿ ಒಂದೊಂದು ಚುಕ್ಕಿಯೂ ಅಚ್ಚುಕಟ್ಟಾಗಿ ತಪ್ಪಿದೆ ಎಂದೆ. ಅವರು ನಿಟ್ಟುಸಿರು ಬಿಟ್ಟು ನಿನ್ನಿಷ್ಟ ಎಂದರು. ನಾನು ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: 'ಈ ಚಿತ್ರ ಸುಳ್ಳು. ಇಂಥ ಆಕಾಶ ಲೋಕದ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ.' ಆಮೇಲೆ ಅವರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದೆ. ಆ ಸಂಜೆ ಅಡುಗೆ ಮಾಡುವಾಗ ಹಾಡು ಗುನುಗಿದೆ ಎಂದು ಯಜಮಾನರು ಈಗ ನೆನಪಿಸಿ ಚುಚ್ಚುತ್ತಾರೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಪರೀಕ್ಷೆ ಕೋಣೆಯ ಕನ್ನಡಿಯ ಕೊಕ್ಕೆ ಕಿತ್ತುಬಂತು. ಪುಣ್ಯಕ್ಕೆ ಕನ್ನಡಿ ಒಡೆಯಲಿಲ್ಲ. ಅದನ್ನು ಮೂಲೆಗೆ ಒರಗಿಸಿ, ಮೊದಲು ಬಂದ ಮುದುಕರನ್ನು ಕುರ್ಚಿ ತಿರುಗಿಸಿ ಕೂರಿಸಿ, ಬೋರ್ಡನ್ನೇ ನೇರವಾಗಿ ಓದಿ ಎಂದೆ. ಆ ಅಜ್ಜನಿಗೂ ನನ್ನಂತೆಯೇ ಮೂಗಿನ ತುದಿಯಲ್ಲಿ ಕೋಪ.

"ಏನಮ್ಮ ಇದು, ಅಕ್ಷರ ಎಲ್ಲಾ ತಿರುಗಾಮುರುಗಾ ಇದೆ? ಬರೆದೋನಿಗೆ ಓದು ಬರ್ತಿತ್ತಾ ಇಲ್ವಾ?"

"ತಿರುಗಾಮುರುಗಾ ಅಲ್ಲ ಅಜ್ಜ, ಅದನ್ನ ಕನ್ನಡಿಯಲ್ಲಿ ನೋಡ್ಬೇಕು..." ಎಂದವಳು ಅಲ್ಲಿಗೇ ನಿಂತುಬಿಟ್ಟೆ.

ಕನ್ನಡಿ. ಬೆಳಗಿನಿಂದ ಸಂಜೆಯವರೆಗೆ ಅದರ ಪಕ್ಕದಲ್ಲೇ ನಿಂತಿರುತ್ತೇನೆ. ಬರಿಗಣ್ಣು ಎಂದರೆ ಬರಿಗಣ್ಣೇ, ಕನ್ನಡಿಯಲ್ಲಿ ನೋಡುವುದನ್ನು ದುರ್ಬೀನು ಎಂದು ಯಾರು ಹೇಳುತ್ತಾರೆ? ಆಕಾಶ ನೋಡುವ ನಮಗೆ ಎಡಬಲ ತಿರುಗಿದ ಕೂಡಲೇ ದುರ್ಬೀನು, ಇಲ್ಲವೇ ಕಳ್ಳತನ, ಮೂರನೆಯದು ಹೊಳೆಯುವುದಿಲ್ಲ. ಉದ್ದನೆಯ ಚೌಕಟ್ಟು ಎಂದರೆ ಬೀರುವಿನ ಬಾಗಿಲು. ಬಲ ಅಂಚಿನ ಗುಂಡು ಎಂದರೆ ಅದರ ಹಿಡಿ. ಕಿಟಕಿಗೆ ಬೆನ್ನು ಹಾಕಿ ಬೀರುವಿನ ಕನ್ನಡಿಯಲ್ಲಿ ಆಕಾಶ ನೋಡುವವರು ಯಾರು? ತಿರುಗಿ ಕೂರಲಾಗದವರು. ಹೊರಗೆ ಹೋಗಲು ಆಗುವುದಿಲ್ಲ ಎಂದು ಅವರು ಹೇಳಿಯೇ ಇದ್ದರು. ಯಾಕೆ ಎಂದು ನಾನು ಪೊಲೀಸರ ಹಾಗೆ ಕೇಳಿದೆ. ಅಜ್ಜ ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ಅಂದೇ ಮಧ್ಯಾಹ್ನ ಬಾಗಿಲು ತೆರೆದೆ. ನನ್ನ ಮಾತು ತಪ್ಪು, ಚಿತ್ರ ನಿಜ ಎಂದು ಅದೇ ಜಗಲಿಯಲ್ಲಿ ಬರೆದೆ. ಅವರಿಗೆ ಬೇರೆಯಾಗಿಯೂ ಬರೆದು, ನಿಮ್ಮ ತಮ್ಮನಿಗೆ ಇದನ್ನು ತೋರಿಸಿ ಎಂದೆ. ಉತ್ತರ ಬಂದದ್ದು ತಮ್ಮನಿಂದಲೇ. ಅಕ್ಕ ಈಗ ಇದನ್ನೆಲ್ಲ ನೋಡುತ್ತಿಲ್ಲ, ಹಿಂದಿನ ಕೋಣೆಗೆ ಹೋಗಿ ಆಯಿತು, ಮುಂದಿನ ಕೋಣೆಗೆ ಕಪಾಟು ಹೊಡೆಸಿ ಆಯಿತು ಎಂದು ಬರೆದಿದ್ದ. ವಿಳಾಸ ಕೇಳಿದೆ. ಯಾಕೆ ಎಂದ. ನನ್ನದೇ ಪ್ರಶ್ನೆ ನನಗೇ ತಿರುಗಿ ಬಂತು. ಬಂದು ಕ್ಷಮೆ ಕೇಳಬೇಕು ಎಂದೆ. ಬಹಳ ಹೊತ್ತಿನ ಮೇಲೆ ವಿಳಾಸ ಕಳಿಸಿದ. ನಮ್ಮ ಊರೇ; ಬಸ್ಸಿನಲ್ಲಿ ಆ ತುದಿ.

ರಜೆಯ ದಿನ ಪರೀಕ್ಷೆ ಕೋಣೆಯ ಆ ಕನ್ನಡಿಯನ್ನು ಹಳೆಯ ಚಾದರದಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ತೆಗೆದುಕೊಳ್ಳಿ ಎಂದು ಜಗಳ ತೆಗೆದ. ಬೇರೆ ದಿನವಾಗಿದ್ದರೆ ಅವನಿಗೆ ನೀರಿಳಿಸುತ್ತಿದ್ದೆ. ಅಂದು ಸುಮ್ಮನೆ ಕೊಟ್ಟೆ.

ಬಾಗಿಲು ತೆರೆದ ತಮ್ಮ ನನ್ನನ್ನೂ ಚಾದರವನ್ನೂ ಮೇಲಿಂದ ಕೆಳಗೆ ನೋಡಿ, ಏನು ಮಾರಲು ಬಂದಿರಿ ಎಂದು ಕೇಳಿದ. ಬಾಗಿಲಕ್ಕ ಎಂದೆ. ಅವನ ಮುಖ ಬಿಗಿಯಿತು. ಒಳಗೆ ಬಿಡಲೋ ಬೇಡವೋ ಎಂದು ಯೋಚಿಸುತ್ತ ನಿಂತ. ನಾನು ಅಷ್ಟು ಜನರನ್ನು ನಿಲ್ಲಿಸಿದ ಜಾಗದಲ್ಲಿ ನಿಂತಿದ್ದೆ, ಕಾಲು ನೋಯುತ್ತಿತ್ತು. ಕೆಟ್ಟವನೇನಲ್ಲ ಅವನು. ಇದ್ದ ಕೆಲಸ ಹೋಗಿತ್ತು. ರಸ್ತೆಗೆ ಬಾಗಿಲಿದ್ದ ಕೋಣೆ ಅದೊಂದೇ. "ಅಕ್ಕನಿಗೆ ಕೊಟ್ಟ ಮಾತು ಉಳಿಸ್ಕೊಬೇಕು ಅಂತಾನೇ ಇದ್ದೆ. ಬಲ್ಲವರು ನೀವೇ ಸುಳ್ಳು ಅಂದ್ರಿ," ಎಂದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮುಂದಿನ ಕೋಣೆ ದಾಟುವಾಗ ನೋಡಿದೆ, ಕಿಟಕಿ ಇದ್ದ ಗೋಡೆಯ ತುಂಬ ಹೊಸ ಕಪಾಟು, ಅದರಲ್ಲಿ ಪೆನ್ನು, ಅಂಟು, ನೋಟ್‌ಪುಸ್ತಕ.

ಹಿಂದಿನ ಕೋಣೆಯಲ್ಲಿ ಆಟದ ಟೀಚರ್ ಅಂಗಾತ ಮಲಗಿದ್ದರು. ಗಟ್ಟಿ ಮೈಕಟ್ಟು, ಕತ್ತರಿಸಿದ ಬಿಳಿ ಕೂದಲು, ದಿಂಬಿನ ಪಕ್ಕ ಈಗಲೂ ಒಂದು ಸೀಟಿ. ಮನೆಯವರನ್ನು ಕರೆಯುವುದು ಅದರಿಂದಲೇ ಅಂತೆ. ಬೆನ್ನುಮೂಳೆಗೆ ಪೆಟ್ಟು ಬಿದ್ದು ಎಂಟು ವರ್ಷವಾಗಿತ್ತು. ಕಾಲಿನ ಕಡೆ ಆ ಬೀರು ನಿಂತಿತ್ತು. ಅದರ ಕನ್ನಡಿಯಲ್ಲಿ ಈಗ ಬರೀ ಸುಣ್ಣದ ಗೋಡೆ.

ನಾನು ಕೈ ಮುಗಿದು ತಪ್ಪಾಯಿತು ಎಂದೆ. ಅವರು ನನ್ನನ್ನು ನಂಬುವ ಹಾಗೆ ಕಾಣಲಿಲ್ಲ.

"ಪರಿಚಯ ಹೇಳಿ ಮೊದಲು," ಎಂದರು. "ಯಾರು, ಯಾವುದರಲ್ಲಿ ನೋಡ್ತೀರಿ, ಮೊದಲು ನೋಡಿದ್ದೇನು."

ಹೇಳಿದೆ. ಕನ್ನಡಕದ ಅಂಗಡಿಯವಳು, ಸಣ್ಣ ದುರ್ಬೀನು, ಮೊದಲು ನೋಡಿದ್ದು ಚಂದ್ರ. ಶಾಲೆಯ ಹುಡುಗಿಯ ಹಾಗೆ ಹೇಳಿದೆ. ನಿಮ್ಮ ಮೈಗೆ ಹೀಗಾಗಿದೆ ಎಂದು ಒಂದು ಮಾತು ಬರೆಯಬಾರದಿತ್ತೇ ಎಂದೂ ಕೇಳಿಬಿಟ್ಟೆ.

"ಬರೆದಿದ್ರೆ ಪಾಪ ಅಂತ ಸೇರಿಸ್ಕೊಳ್ತಿದ್ರಿ. ಚಿತ್ರ ಯಾರು ನೋಡ್ತಿದ್ರು?"

ನಾನು ಚಾದರ ಬಿಚ್ಚಿ ಕೆಲಸಕ್ಕೆ ಇಳಿದೆ. ಆ ಕೋಣೆಗೆ ಕಿಟಕಿಯಿರಲಿಲ್ಲ, ಆದರೆ ಪಕ್ಕದ ನಡುಮನೆಯಿಂದ ಬಟ್ಟೆ ಒಗೆಯುವ ಜಾಗಕ್ಕೆ ಒಂದು ಬಾಗಿಲಿತ್ತು, ಅದೂ ಪೂರ್ವಕ್ಕೇ. ನನ್ನ ಕನ್ನಡಿಯನ್ನು ಅದರ ಎದುರಿನ ಗೋಡೆಗೆ ಓರೆಯಾಗಿ ತೂಗುಹಾಕಿದರೆ ಹೊರಗಿನ ಆಕಾಶ ಅದರಲ್ಲಿ ಬಿದ್ದು, ಅಲ್ಲಿಂದ ಬೀರುವಿನ ಕನ್ನಡಿಗೆ ಬಂದು, ಅಲ್ಲಿಂದ ಮಂಚಕ್ಕೆ ತಲುಪಬೇಕು. ತಮ್ಮ ಮೊದಲು ಕೈಕಟ್ಟಿ ನೋಡುತ್ತ ನಿಂತಿದ್ದ. ಆಮೇಲೆ ತಾನೇ ಮೊಳೆ ಹೊಡೆದ. ಅವನ ಹೆಂಡತಿ ಬೀರುವಿನ ಬಾಗಿಲನ್ನು ಹಿಡಿದು ಅತ್ತ ಇತ್ತ ಸರಿಸಿದಳು. ಟೀಚರ್ ಮಲಗಿದಲ್ಲೇ ಸೀಟಿ ಊದಿ ಅಪ್ಪಣೆ ಕೊಡುತ್ತಿದ್ದರು: ಒಂದು ಸಲ ಊದಿದರೆ ಎಡಕ್ಕೆ, ಎರಡು ಸಲ ಊದಿದರೆ ಬಲಕ್ಕೆ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ದೀಪ ಆರಿಸಿ ನಾಲ್ಕು ಜನವೂ ಕಾದೆವು.

ಕತ್ತಲಾಗುತ್ತಲೇ ಪಕ್ಕದ ಮನೆಯ ಮಾಡಿನ ಮೇಲೆ ವ್ಯಾಧ ಎದ್ದ. ಬೀರುವಿನ ಕನ್ನಡಿಯಲ್ಲಿ ಅಂಗೈಯಗಲ ಆಕಾಶ, ಅದರಲ್ಲಿ ಮೂರು ನಕ್ಷತ್ರ ಸಾಲಾಗಿ ನಿಂತಿದ್ದವು. ನನಗೆ ಅಳು ಬಂತು, ಕತ್ತಲೆಯಿದ್ದುದು ಒಳ್ಳೆಯದಾಯಿತು.

"ಇದು ಸುಳ್ಳು," ಎಂದರು ಟೀಚರ್.

ಸೀಟಿಯನ್ನು ಕನ್ನಡಿಯ ಕಡೆ ಚಾಚಿದರು.

"ಕೆಂಪು ಚುಕ್ಕಿ ಎಡಗಡೆ ಬಂದಿದೆ. ಎಂಟು ವರ್ಷ ನೋಡಿದೀನಿ, ಅದು ಇರೋದು ಬಲಗಡೆ. ನೀವು ಏನೋ ತಿರುಗಿಸಿದೀರಿ."

ಎರಡು ಕನ್ನಡಿ ಸೇರಿದರೆ ತಿರುಗಿದ್ದು ಮತ್ತೆ ತಿರುಗಿ ನೆಟ್ಟಗಾಗುತ್ತದೆ, ಟೀಚರ್, ಇದೇ ಸರಿಯಾದ ಆಕಾಶ ಎಂದು ವಿವರಿಸಿದೆ. ಅವರಿಗೆ ನನ್ನ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಇರಬೇಕಾದ ಕಾರಣವಾದರೂ ಏನಿತ್ತು?

"ಹೊರಗೆ ಹೋಗಿ ಕಣ್ಣಾರೆ ನೋಡಿ ಬಂದು ಹೇಳಿ," ಎಂದರು.

ಅದು ನಾನು ಜಗಲಿಯಲ್ಲಿ ಬರೆದಿದ್ದ ಮಾತೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊರಗೆ ಹೋದೆ. ತಮ್ಮನೂ ಬಂದ. ಒಗೆಯುವ ಕಲ್ಲಿನ ಪಕ್ಕ ನಿಂತು ಕತ್ತೆತ್ತಿದೆವು. ಕೆಂಪು ನಕ್ಷತ್ರ ಯಾವುದು ಎಂದು ಅವನು ಕೇಳಿದ, ತೋರಿಸಿದೆ. ಅವನು ಅದನ್ನೇ ನೋಡುತ್ತ, ಅಕ್ಕ ಇಷ್ಟು ವರ್ಷ ನಿಜವಾಗಿ ಇದನ್ನೇ ನೋಡುತ್ತಿದ್ದಳಾ ಎಂದ. ಹೌದಪ್ಪ ಎಂದೆ. ಆ ಒಂದು ಹೌದನ್ನು ಅಂದೇ ಹೇಳಿದ್ದರೆ ಕಿಟಕಿ ಉಳಿಯುತ್ತಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಒಳಗೆ ಬಂದೆ. ಅವರ ಸಮಾಧಾನಕ್ಕೆ ಒಂದು ಸುಳ್ಳು ಬಾಯಿಯವರೆಗೆ ಬಂದಿತ್ತು, ಆದರೆ ಅವರ ಮುಂದೆ ಇನ್ನೊಂದು ಸುಳ್ಳು ಬೇಡವೆನಿಸಿತು.

"ಎಡಕ್ಕೇ ಇದೆ ಟೀಚರ್," ಎಂದೆ. "ನೀವು ನೋಡಿದ್ದೂ ಅದನ್ನೇ. ಆದರೆ ಇರೋದು ಎಡಕ್ಕೆ."

ಅವರು ಕನ್ನಡಿಯ ಕಡೆ ನೋಡುತ್ತಲೇ ಇದ್ದರು. ಯಾರದೋ ಮನೆಗೆ ನೆಂಟರಾಗಿ ಹೋದವರ ಹಾಗೆ ಅವರ ಮುಖ ಬಿಗಿದಿತ್ತು.

"ಇದು ನಿಮ್ಮ ಆಕಾಶ," ಎಂದರು. "ನನಗೆ ನನ್ನದು ಬೇಕು. ಇನ್ನೊಂದು ಕನ್ನಡಿ ತನ್ನಿ, ಮತ್ತೊಮ್ಮೆ ತಿರುಗಲಿ."

ತಮ್ಮ ನನ್ನ ಮುಖ ನೋಡಿದ. ನಾನು ದೀಪ ಹಾಕಿಸಿ, ಗೋಡೆಯ ಅಳತೆ ತೆಗೆದುಕೊಂಡೆ.