ಅಲ್ಲಾಡದ ಫ್ರಿಜ್

ಹೋದ ಸಲ ಭೂಮಿ ನಡುಗಿದಾಗ ನಮ್ಮ ಔಷಧಿ ಅಂಗಡಿಯ ಫ್ರಿಜ್ ಮಕಾಡೆ ಬಿತ್ತು. ಒಳಗಿದ್ದ ಇನ್ಸುಲಿನ್, ಲಸಿಕೆ ಎಲ್ಲ ಚೂರುಚೂರು. ಅಂಗಡಿ ಮತ್ತೆ ತೆರೆಯುವಷ್ಟರಲ್ಲಿ ಅರ್ಧ ಗಿರಾಕಿಗಳು ಎದುರಿನ ಅಂಗಡಿಯವನ ಪಾಲಾಗಿದ್ದರು. ಇನ್ನೊಮ್ಮೆ ಬಿದ್ದರೆ ನಾವು ಕದ ಹಾಕಿಕೊಂಡು ಹೋಗುವುದೇ.

ಅದಕ್ಕೇ ಹೊಸ ಫ್ರಿಜ್ಜಿನ ಕೆಳಗೆ ನನ್ನ ಭಾವಮೈದ ಒಂದು ಪೀಠ ಕೂರಿಸಿದ. ಆಸ್ಪತ್ರೆಯ ಮೆಷಿನ್‌ಗಳಿಗೆ ಇಂಥವನ್ನು ಕೂರಿಸುವುದೇ ಅವನ ಕಸುಬು. ಎರಡು ಉಕ್ಕಿನ ತಟ್ಟೆ, ನಡುವೆ ಉರುಳುವ ಗುಂಡುಗಳು, ಮೂಲೆಗೊಂದು ಡ್ಯಾಂಪರ್. ನೆಲ ನಡುಗಿದರೆ ಕೆಳಗಿನ ತಟ್ಟೆ ಅದರ ಜೊತೆ ಓಡಾಡುತ್ತದೆ, ಮೇಲಿನದು ಮೆಲ್ಲಗೆ ತೂಗುತ್ತದೆ, ಡ್ಯಾಂಪರ್ ಆ ತೂಗಾಟವನ್ನು ಹೀರಿ ನಿಲ್ಲಿಸುತ್ತದೆ. ಹಾಗಂತ ಅವನು ಹೇಳಿದ.

ನನಗೆ ನಂಬಿಕೆ ಬರಲಿಲ್ಲ. ಬಾಗಿಲು ಎಳೆದರೆ ಫ್ರಿಜ್ಜೇ ನನ್ನ ಕಡೆ ಬರುತ್ತಿತ್ತು! "ನಿನ್ನ ತಮ್ಮ ಎಲ್ಲೋ ಉಳಿದ ಗುಜರಿ ತಂದು ನಮ್ಮ ತಲೆಗೆ ಕಟ್ಟಿದ್ದಾನೆ" ಅಂತ ಹೆಂಡತಿಯ ಹತ್ತಿರ ದಿನಾ ಕೂಗಾಡಿದೆ. ಅವಳು ಪ್ರತಿ ಸಲವೂ ಪೊರಕೆ ಹಿಡಿದು ಹಿಂಬಾಗಿಲ ಕಡೆ ನಡೆದಳು. ಅದೂ ಅನುಮಾನವೇ. ಸಾಲದ್ದಕ್ಕೆ ಹಿಂಬಾಗಿಲಲ್ಲಿ ಬಿಟ್ಟಿದ್ದ ನನ್ನ ಹಳೇ ಚಪ್ಪಲಿಯಲ್ಲಿ ಒಂದು ಮಾಯ. ಎದುರಿನ ಅಂಗಡಿಯವನನ್ನೇ ಕೇಳಿದೆ.

"ಒಂದೇ ಚಪ್ಪಲಿ ಕದಿಯೋಕೆ ನನಗೇನು ಒಂದೇ ಕಾಲಾ?" ಅಂದ.

ಮಾರನೇ ಬೆಳಿಗ್ಗೆ ಬಾಗಿಲು ಎಳೆದರೆ ಫ್ರಿಜ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಮೈ ಉರಿಯಿತು. ಭಾವಮೈದ ಗುಂಡುಗಳನ್ನು ಬಿಚ್ಚಿ ಬೇರೆ ಕಡೆ ಹಾಕಿದ್ದಾನೆ, ಖಂಡಿತ. ಫೋನ್ ಮಾಡಿ ಅವನನ್ನು ಕರೆಸಿದೆ.

"ಅಲ್ಲಾಡಿದ್ರೂ ಬೈತೀರಿ, ಅಲ್ಲಾಡದಿದ್ರೂ ಬೈತೀರಿ. ನಾನೇನ್ ಮಾಡ್ಲಿ ಭಾವ?"

"ಮೊದ್ಲು ಬಗ್ಗಿ ನೋಡು. ಆಮೇಲೆ ನಾಟಕ ಆಡು."

ಅವನು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದ. ತಟ್ಟೆಗಳ ಸಂದಿಯಿಂದ ಒಂದೊಂದಾಗಿ ಮರದ ತುಂಡು ಎಳೆದ. ಮೂರು.

"ಇದನ್ನ ಯಾರು ತುರುಕಿದ್ದು? ಈಗ ಭೂಮಿ ನಡುಗಿದ್ರೆ ಈ ಫ್ರಿಜ್ಜೂ ಮಕಾಡೆ ಬೀಳ್ತಿತ್ತು!"

ನಾನು ಕೌಂಟರ್ ಹತ್ತಿರ ನಿಂತಿದ್ದ ಹೆಂಡತಿಯ ಕಡೆ ತಿರುಗಿದೆ.

"ನಾನೇ ರೀ. ಇವನನ್ನ ದಿನಾ ಬೈಯೋದು ಕೇಳಿ ಕೇಳಿ ಸಾಕಾಗಿತ್ತು. ಫ್ರಿಜ್ ಅಲ್ಲಾಡೋದು ನಿಂತ್ರೆ ನಿಮ್ಮ ಬಾಯೂ ನಿಲ್ಲುತ್ತೆ ಅಂದ್ಕೊಂಡೆ."

ಭಾವಮೈದ ಫ್ರಿಜ್ ನೂಕಿದ. ಆಗಲೂ ಕದಲಲಿಲ್ಲ.

"ಮೂಲೆ ನಾಲ್ಕಿದೆ. ತುಂಡು ಮೂರೇನಾ?" ಎಂದೆ.

"ಮರ ಸಿಕ್ಕಿದ್ದು ಅಷ್ಟೇ," ಎಂದಳು. "ಇನ್ನೊಂದು ಮೂಲೆಗೆ... ಬೈಬೇಡಿ ಮತ್ತೆ."

ನಾನೇ ಬಗ್ಗಿ ಹಿಂದಿನ ಮೂಲೆಗೆ ಕೈ ಹಾಕಿ ಎಳೆದೆ. ನನ್ನ ಚಪ್ಪಲಿ!

ಭಾವಮೈದ ನಗು ತಡೆದುಕೊಂಡು ಮತ್ತೆ ನೂಕಿದ. ಫ್ರಿಜ್ ಮೆಲ್ಲಗೆ ಆಚೆ ಸರಿದು, ಈಚೆ ಬಂದು, ತಾನಾಗಿ ನಿಂತಿತು. ಒಳಗೆ ಒಂದು ಸೀಸೆಯೂ ಟಿಣ್ ಅನ್ನಲಿಲ್ಲ. ಅಕ್ಕ ತಮ್ಮ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ನೂಕು," ಎಂದೆ.